ಅದ್ರಾಮನ ಹೆಸರಿನಲ್ಲಿ ನಾನು ಬರೆದ ಪತ್ರ

ಹೋದ ತಿಂಗಳು ಮಂಗಳೂರಿನಲ್ಲಿ ಒಬ್ಬ ವಕೀಲರ ಕಚೇರಿಯನ್ನು ಖಾಲಿ ಮಾಡುತ್ತಿದ್ದರು. ನಾನು ಅಲ್ಲಿಗೆ ಹೋದದ್ದು ಜಾಗದ ಕಾಗದವೊಂದರ ನಕಲಿಗಾಗಿ. ಜಗಲಿಯಲ್ಲಿ ಹಳೆಯ ಕಾನೂನು ವರದಿಗಳ ಸಂಪುಟಗಳನ್ನು ಸೊಂಟದೆತ್ತರಕ್ಕೆ ಪೇರಿಸಿದ್ದರು. ಗುಜರಿಯವನು ತಕ್ಕಡಿ ತಂದಿದ್ದ. "ಈಗ ಎಲ್ಲ ಕಂಪ್ಯೂಟರಲ್ಲಿ ಉಂಟಲ್ಲ ಸಾರ್, ಇದನ್ನು ಯಾರು ಮುಟ್ತಾರೆ" ಎಂದ ಗುಮಾಸ್ತ. ಮೇಲಿದ್ದ ಒಂದನ್ನು ನಾನು ಮುಟ್ಟಿದೆ, ತೆರೆದೆ. ಹಳೆಯ ಗೋಂದು, ತೊಗಲು, ನ್ಯಾಫ್ತಲಿನ್ ಗುಳಿಗೆ, ಅದರ ಕೆಳಗೆಲ್ಲೋ ಜಿರಲೆಯ ವಾಸನೆ. ಉತ್ತರದ ಯಾವುದೋ ಹೈಕೋರ್ಟಿನ ಐವತ್ತರ ದಶಕದ ತೀರ್ಪುಗಳು. ಎರಡು ಸಾಲು ಓದುವಷ್ಟರಲ್ಲಿ ಮುಚ್ಚಿಟ್ಟೆ. ಬಂದ ಕೆಲಸ ಮರೆತು ಮನೆಗೆ ನಡೆದೆ.

ಆ ವಾಸನೆಗೆ ನನ್ನ ಮಟ್ಟಿಗೆ ಒಂದೇ ವಿಳಾಸ: ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿದ್ದ ಒಂದು ವಿಲ್ಲಾದ ಹಿಂದಿನ ಕೋಣೆ, ಕುವೈತ್ ಯುದ್ಧ ಮುಗಿದು ನಾಲ್ಕು ವರ್ಷ ಕಳೆದ ಬೇಸಿಗೆ. ಆ ವರ್ಷದ ಡೈರಿ ನನ್ನ ಬಳಿ ಇದೆ. ನೆನಪಿಗಿಂತ ಅದನ್ನು ಹೆಚ್ಚು ನಂಬುತ್ತೇನೆ, ಆದರೆ ಬಹಳ ಹೆಚ್ಚೇನಲ್ಲ. ಡೈರಿ ಬರೆಯುವವನಿಗೂ ತಾನು ಒಳ್ಳೆಯವನಾಗಿ ಕಾಣಬೇಕೆಂಬ ಆಸೆ ಇರುತ್ತದೆ. ಈ ಬರಹಕ್ಕೆ ಕುಳಿತಾಗ ಗಮನಿಸಿದೆ, ಆ ಅಕ್ಟೋಬರಿನಲ್ಲಿ ಒಂಬತ್ತು ದಿನಗಳ ಪುಟ ಖಾಲಿ. ನಾನು ಈಗ ಹೇಳಬೇಕಾದದ್ದು ಹೆಚ್ಚಾಗಿ ಆ ಒಂಬತ್ತು ದಿನಗಳದ್ದೇ.

ಆಗ ನನಗೆ ಮೂವತ್ತು. ಬಿ.ಎ., ಎಲ್.ಎಲ್.ಬಿ. ಮುಗಿಸಿ, ಉಡುಪಿಯಲ್ಲಿ ಎರಡು ವರ್ಷ ಹಿರಿಯರೊಬ್ಬರ ಕೈಕೆಳಗೆ ಕಡತ ಹೊತ್ತು, ಒಂದು ಸಲವೂ ನ್ಯಾಯಾಧೀಶರ ಎದುರು ಸರಿಯಾಗಿ ಬಾಯಿ ತೆರೆಯದೆ, ದೋಹಾದ ಒಂದು ವ್ಯಾಪಾರಿ ಕಂಪೆನಿಯ ಕಾನೂನು ವಿಭಾಗದಲ್ಲಿ ಗುಮಾಸ್ತನಾಗಿ ಸೇರಿದ್ದೆ. ಕಂಪೆನಿಯ ಕಾನೂನು ಸಲಹೆಗಾರರು ಶ್ರೀವಾಸ್ತವ ಸಾಹೇಬರು. ಎಪ್ಪತ್ತು ದಾಟಿದವರು. ನಲವತ್ತು ವರ್ಷ ಅಲಹಾಬಾದಿನಲ್ಲಿ ವಕೀಲಿ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದವರು. ಬರುವಾಗ ಹಡಗಿನಲ್ಲಿ ನಲವತ್ತೆರಡು ಸಂಪುಟ ತಂದಿದ್ದರು. ಅಲಹಾಬಾದು, ಲಖನೌ, ಪಟ್ನಾ, ಪಂಜಾಬಿನ ಕೋರ್ಟುಗಳು ನಲವತ್ತು, ಐವತ್ತರ ದಶಕಗಳಲ್ಲಿ ಕೊಟ್ಟ ತೀರ್ಪುಗಳು. ಅವನ್ನೆಲ್ಲ ವಿಷಯವಾರು ವಿಂಗಡಿಸಿ ಒಂದು ಪುಸ್ತಕ ಮಾಡುವುದು ಅವರ ಕೊನೆಯ ಹಂಬಲ. ಗುರುವಾರ ಮಧ್ಯಾಹ್ನ ಆಫೀಸು ಮುಗಿದ ಮೇಲೆ, ಮತ್ತೆ ಶುಕ್ರವಾರ ಒಂದು ಮನೆಯಲ್ಲಿ ನಡೆಯುತ್ತಿದ್ದ ನಮ್ಮ ಕ್ರೈಸ್ತರ ಬಲಿಪೂಜೆ ಮುಗಿಸಿಕೊಂಡು, ನಾನು ಅವರ ವಿಲ್ಲಾಕ್ಕೆ ಹೋಗಿ ಕಾರ್ಡು ಬರೆಯುತ್ತಿದ್ದೆ. ಸಿವಿಲ್‌ಗೆ ಬಿಳಿ ಕಾರ್ಡು, ಕ್ರಿಮಿನಲ್‌ಗೆ ಹಳದಿ.

ಹೊರಗೆ ಸೆಕೆ ಎಂದರೆ ಕಾರಿನ ಬಾಗಿಲಿನ ಹಿಡಿ ಮುಟ್ಟಲಾಗದ ಸೆಕೆ. ಒಳಗೆ ಎ.ಸಿ.ಯ ಗೊರಗೊರ, ಪರದೆ ಎಳೆದ ಮಬ್ಬು, ಎದುರಿಗೆ ಗೋರಖಪುರದ ಯಾವುದೋ ಹಳ್ಳಿ. ಗಡಿಯ ಮೇಲೆ ಬೆಳೆದ ಮಾವಿನ ಮರದ ಹಣ್ಣು ಯಾರದು ಎಂದು ಹನ್ನೊಂದು ವರ್ಷ ಹೊಡೆದಾಡಿದ ಅಣ್ಣತಮ್ಮಂದಿರು. ಪಕ್ಕದ ಮನೆಯ ಮಾಡಿನ ನೀರು ತನ್ನ ಗೋಡೆಗೆ ಬೀಳುತ್ತದೆಂದು ಹೈಕೋರ್ಟಿಗೆ ಹೋದ ವಿಧವೆ. ದರೋಡೆಕೋರರನ್ನು ಲಾಂದ್ರದ ಬೆಳಕಿನಲ್ಲಿ ಕಂಡೆನೆಂದ ಸಾಕ್ಷಿ; ಲಾಂದ್ರ ಯಾರ ಕೈಯಲ್ಲಿತ್ತು, ಎಷ್ಟು ಮಾರು ದೂರ, ಗಾಜಿಗೆ ಮಸಿ ಹಿಡಿದಿತ್ತೋ ಇಲ್ಲವೋ ಎಂದು ನಾಲ್ಕು ಪುಟ ಕೇಳಿದ ನ್ಯಾಯಾಧೀಶರು. ಮಾತು ನಿಂತುಹೋದ ಮೇಲೆ ತಲೆಯಾಡಿಸಿಯೇ ಕೊಂದವನ ಹೆಸರು ಹೇಳಿದ ಹೆಂಗಸು. ನಾನು ಎಂದೂ ನೋಡದ ಊರಿನ ಈ ಜನ ಆ ಬೇಸಿಗೆಯಲ್ಲಿ ನನ್ನ ಬಂಧುಗಳಾಗಿದ್ದರು. ಅವರ ವ್ಯಾಜ್ಯಗಳು ಎಂದೋ ತೀರಿದ್ದವು. ನನ್ನಿಂದ ಅವರಿಗೆ ಒಳ್ಳೆಯದೂ ಆಗುವಂತಿರಲಿಲ್ಲ, ಕೆಟ್ಟದ್ದೂ ಆಗುವಂತಿರಲಿಲ್ಲ. ಆ ಪ್ರೀತಿಗೆ ಅದೇ ಕಾರಣವಿರಬಹುದು.

ಪ್ರತಿ ತೀರ್ಪಿನ ನೆತ್ತಿಯ ಮೇಲೂ ಸಣ್ಣಕ್ಷರದಲ್ಲಿ ನಾಲ್ಕಾರು ಸಾಲಿನ ಸಾರಾಂಶ ಇರುತ್ತದೆ. ಅದನ್ನು ಹೆಡ್‌ನೋಟ್ ಎನ್ನುತ್ತಾರೆ. ಬರೆದದ್ದು ನ್ಯಾಯಾಧೀಶರಲ್ಲ, ಪುಸ್ತಕ ಅಚ್ಚು ಹಾಕಿಸಿದವರು. ಕಾರ್ಡು ಬೇಗ ಮುಗಿಯಲೆಂದು ನಾನು ಅದನ್ನೇ ನಕಲು ಮಾಡುತ್ತಿದ್ದೆ. ಸಾಹೇಬರು ಒಂದು ದಿನ ಆ ಕಳ್ಳತನ ಹಿಡಿದರು.

"ಡಿಸೋಜ ಸಾಹಬ್, ಹೋಟೆಲಿಗೆ ಹೋದರೆ ನೀವು ಬೋರ್ಡು ಓದಿ ಕೈ ತೊಳೆದುಕೊಂಡು ಬರುತ್ತೀರೇನು?"

"ಸಮಯ ಉಳಿಯುತ್ತದಲ್ಲ ಸಾರ್."

"ಉಳಿಸಿದ ಸಮಯದಲ್ಲಿ ಏನು ಮಾಡುತ್ತೀರಿ? ಇನ್ನೊಂದು ಬೋರ್ಡು ಓದುತ್ತೀರಿ!"

ನಕ್ಕೆವು. ನಾನು ನಕಲು ಮುಂದುವರಿಸಿದೆ.

ತಿಂಗಳಿಗೊಮ್ಮೆ ನಾನು ದುಖಾನಿಗೆ ಹೋಗಬೇಕಿತ್ತು. ಪಶ್ಚಿಮ ತೀರದ ತೈಲದ ಊರು. ದೋಹಾದಿಂದ ಮರಳು ನೋಡುತ್ತಾ ನೋಡುತ್ತಾ ಕಣ್ಣು ಸೋಲುವಷ್ಟು ದಾರಿ. ಅಲ್ಲಿಯ ಕೆಲಸಗಾರರ ಕ್ಯಾಂಟೀನಿಗೆ ನಮ್ಮ ಕಂಪೆನಿಯೇ ಜನ ಒದಗಿಸುತ್ತಿತ್ತು. ಅವರ ಕರಾರುಪತ್ರಗಳಿಗೆ ಸಹಿ ಹಾಕಿಸಿಕೊಂಡು ಬರುವುದು ನನ್ನ ಕೆಲಸ. ಮೊದಲ ಸಲ ಹೋದಾಗ ಡ್ರೈವರ್ ಜೊತೆ ಏನೋ ತುಳುವಿನಲ್ಲಿ ಗೊಣಗಿಕೊಂಡದ್ದು ಕೇಳಿ, ಅಡಿಗೆಮನೆಯಿಂದ ಒಬ್ಬ ಸಪೂರ ಮನುಷ್ಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. ಅದ್ರಾಮ. ನನಗಿಂತ ಏಳೆಂಟು ವರ್ಷ ದೊಡ್ಡವನು. ನಮ್ಮ ಕರಾವಳಿಯಲ್ಲಿ ಅವನಂಥ ಮುಸ್ಲಿಮರನ್ನು ಬ್ಯಾರಿಗಳೆಂದೂ ನಮ್ಮಂಥ ಕ್ರೈಸ್ತರನ್ನು ಪೊರ್ಬುಗಳೆಂದೂ ಕರೆಯುವುದು ರೂಢಿ.

"ಪೊರ್ಬುಗಳಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಇಲ್ಲಿಯ ಬಿರಿಯಾನಿ ತಿನ್ನಬೇಡಿ, ನಾನೇ ಮಾಡಿದ್ದು. ನಿಮಗೆ ಅಕ್ಕಿರೊಟ್ಟಿ ಸುಡ್ತೇನೆ."

"ಊರು ಎಲ್ಲಿ ಬ್ಯಾರಿಗಳೇ?"

"ಊರಾ? ಊರು ಮಾಫಿ" ಎಂದು, ಇಲ್ಲ ಎಂಬುದನ್ನು ಅರಬಿಯಲ್ಲಿ ಹೇಳಿ ನಕ್ಕ. "ದುಖಾನೇ ಊರು. ಇಲ್ಲಿ ಮಳೆ ಇಲ್ಲ, ಮದುವೆ ಇಲ್ಲ, ಕೇಳುವವರು ಇಲ್ಲ. ಇನ್ನೆಂತ ಬೇಕು?"

ಅದನ್ನು ತಮಾಷೆ ಎಂದುಕೊಂಡೆ. ಮೂರು ನಾಲ್ಕು ಸಲ ಅವನ ಕೈಯ ರೊಟ್ಟಿ ತಿಂದೆ. ಅವನು ಹಿಂದೆ ಕುವೈತಿನ ಒಂದು ಮನೆಯಲ್ಲಿ ಅಡಿಗೆಗಿದ್ದ, ಇರಾಕಿನ ಸೈನ್ಯ ಬಂದಾಗ ಆ ಮನೆಯವರು ಓಡಿ ಬರುವಾಗ ಇವನನ್ನೂ ವ್ಯಾನಿನಲ್ಲಿ ಹಾಕಿಕೊಂಡು ದೋಹಾಕ್ಕೆ ತಂದರು, ಯುದ್ಧ ಮುಗಿದು ಅವರು ಹಿಂದಿರುಗಿದರೂ ಇವನು ಇಲ್ಲೇ ಉಳಿದ. ಇಷ್ಟು ಮಾತ್ರ ನನಗೆ ತಿಳಿದಿತ್ತು.

ಆ ಜೂನ್‌ನಲ್ಲಿ ಅರಮನೆಯಲ್ಲಿ ದೊರೆ ಬದಲಾಗಿ ನಮ್ಮ ಆಫೀಸಿನ ಗೋಡೆಯ ಪಟವೂ ಬದಲಾಯಿತು. ಅದಾಗಿ ಮೂರು ವಾರಕ್ಕೆ ಸದಾನಂದನ ಪತ್ರ ಬಂತು ಎಂದು ಡೈರಿಯಲ್ಲಿದೆ. ಸದಾನಂದ ಕಾನೂನು ಕಾಲೇಜಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವನು. ಬಂಟ್ವಾಳದಲ್ಲಿ ವಕೀಲಿ ಶುರು ಮಾಡಿದ್ದ. ಅವನು ತನ್ನ ಮೊದಲ ಗೆಲುವಿನ ಸುದ್ದಿ ಬರೆದಿದ್ದ. ಜೈನಾಬಿ ಎಂಬ ಹೆಂಗಸಿಗೆ ವಿವಾಹ ವಿಸರ್ಜನೆಯ ಡಿಕ್ರಿ ಕೊಡಿಸಿದ್ದನಂತೆ. ಗಂಡ ಕುವೈತ್ ಯುದ್ಧದಲ್ಲಿ ಕಾಣೆಯಾದವನು. ನಾಲ್ಕು ವರ್ಷ ಸುದ್ದಿ ಇಲ್ಲದಿದ್ದರೆ ಹೆಂಡತಿ ಬಿಡುಗಡೆ ಕೇಳಬಹುದು ಎಂದು ಮುಸ್ಲಿಮರ ವಿವಾಹ ವಿಸರ್ಜನೆಯ ಕಾಯಿದೆಯಲ್ಲಿದೆ. ಉಪ್ಪಿನಂಗಡಿಯ ಒಬ್ಬ ದರ್ಜಿ, ಹೆಂಡತಿ ಸತ್ತವನು, ಎರಡು ಮಕ್ಕಳ ತಂದೆ, ಆಕೆಯನ್ನು ಮದುವೆಯಾಗಲು ಒಪ್ಪಿ ಕಾಯುತ್ತಿದ್ದ. "ಇನ್ನು ಆರು ತಿಂಗಳು ಕಳೆದರೆ ಡಿಕ್ರಿ ಊರ್ಜಿತ. ಅಷ್ಟರಲ್ಲಿ ಪಾಣೆಮಂಗಳೂರಿನ ಮೋನು ಬ್ಯಾರಿಯ ಮಗ ಅಬ್ದುಲ್ ರಹಿಮಾನ್ ಎಂಬ ಅಡಿಗೆಯವನು ನಿನ್ನ ಗಲ್ಫಿನಲ್ಲಿ ಎಲ್ಲಾದರೂ ಸಿಕ್ಕಿದರೆ, ದಯವಿಟ್ಟು ಸಿಗಲಿಲ್ಲ ಎಂದೇ ಬರೆ ಮಾರಾಯ" ಎಂದು ತಮಾಷೆ ಮಾಡಿದ್ದ.

ಅಬ್ದುಲ್ ರಹಿಮಾನ್, ತಂದೆ ಮೋನು ಬ್ಯಾರಿ, ಪಾಣೆಮಂಗಳೂರು. ಆ ಹೆಸರಿದ್ದ ಕರಾರುಪತ್ರ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನಮ್ಮ ಕಡೆ ಆ ಹೆಸರನ್ನು ಬಾಯಿಮಾತಿನಲ್ಲಿ ಅದ್ರಾಮ ಎನ್ನುತ್ತಾರೆ.

ಎರಡು ತಿಂಗಳು ನಾನು ಯಾರಿಗೂ ಹೇಳಲಿಲ್ಲ. ಇದನ್ನು ವಿವೇಕ ಎಂದು ಬರೆದುಕೊಂಡಿದ್ದೇನೆ. ವಿವೇಕವಾಗಿದ್ದರೆ ಕೊನೆಯವರೆಗೂ ಹೇಳಬಾರದಿತ್ತು.

ಸೆಪ್ಟೆಂಬರ್ ಕೊನೆಯ ಒಂದು ಗುರುವಾರ ಕಾರ್ಡು ಬರೆಯುತ್ತಿದ್ದಾಗ ಇಂಥದೇ ಒಂದು ಪ್ರಕರಣ ಕೈಗೆ ಬಂತು. ಕಾನಪುರದ ಗಿರಣಿ ಕೆಲಸಗಾರ, ಕಾಣೆಯಾದವನು, ಹೆಂಡತಿಗೆ ಡಿಕ್ರಿ. ಹೆಡ್‌ನೋಟಿನಲ್ಲಿದ್ದದ್ದು ಇಷ್ಟು: ಆರು ತಿಂಗಳೊಳಗೆ ಗಂಡ ತಾನಾಗಿ ಅಥವಾ ಅಧಿಕೃತ ಪ್ರತಿನಿಧಿಯ ಮೂಲಕ ಹಾಜರಾಗಿ, ದಾಂಪತ್ಯದ ಕರ್ತವ್ಯ ನಡೆಸಲು ಸಿದ್ಧನೆಂದು ಕೋರ್ಟಿಗೆ ಮನವರಿಕೆ ಮಾಡಿದರೆ, ಡಿಕ್ರಿಯನ್ನು ರದ್ದು ಮಾಡತಕ್ಕದ್ದು. ಅದನ್ನೇ ಮತ್ತೊಮ್ಮೆ ಓದಿದೆ. ಆ ಮಬ್ಬು ಕೋಣೆಯ ಸತ್ತವರ ಕಾನೂನು ಮೊದಲ ಬಾರಿಗೆ ಬದುಕಿದ್ದವನೊಬ್ಬನ ಕಡೆ ಬೆರಳು ತೋರಿಸಿತ್ತು. ಬೆರಳಿನ ತುದಿಯಲ್ಲಿ ಇದ್ದವನು ಯಾರೆಂದು ಇಡೀ ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಸಾಹೇಬರಿಗೆ ಹೆಸರು ಹೇಳದೆ ಕೇಳಿದೆ, ಇಂಥ ಮನುಷ್ಯ ಸಿಕ್ಕಿದರೆ ಅವನಿಗೆ ತಿಳಿಸಬೇಕೋ ಬೇಡವೋ ಎಂದು.

"ತೀರ್ಪು ಪೂರ್ತಿ ಓದಿದಿರಾ?"

"ಹೆಡ್‌ನೋಟ್ ಓದಿದೆ ಸಾರ್."

"ಹಾಗಾದರೆ ಪ್ರಶ್ನೆ ಕೇಳಲು ನಿಮಗಿನ್ನೂ ಹಕ್ಕು ಬಂದಿಲ್ಲ. ಓದಿ ಬನ್ನಿ."

ಹದಿನಾಲ್ಕು ಪುಟದ ತೀರ್ಪು. ಮುಂದಿನ ವಾರ ಓದಿದರಾಯಿತು ಎಂದುಕೊಂಡೆ. ಮುಂದಿನ ವಾರ ದುಖಾನಿನ ಸರದಿ ಬಂತು. ಡ್ರೈವರ್ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದ, "ಯಲ್ಲಾ ಯಲ್ಲಾ" ಎಂದು ಕೂಗುತ್ತಿದ್ದ. ಇವೆಲ್ಲ ನಿಜ. ಆದರೆ ಓದದೆ ಹೋದದ್ದಕ್ಕೆ ಇವು ಕಾರಣವಲ್ಲ. ನನಗೆ ಬೇಕಾದ ಉತ್ತರ ಹೆಡ್‌ನೋಟಿನಲ್ಲೇ ಸಿಕ್ಕಿತ್ತು.

ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಕ್ಯಾಂಟೀನಿನ ಹಿಂದೆ, ಗ್ಯಾಸಿನ ಸಿಲಿಂಡರುಗಳ ನೆರಳಿನಲ್ಲಿ ಅದ್ರಾಮನಿಗೆ ಹೇಳಿದೆ. ಅವನು ಈರುಳ್ಳಿಯ ಚೀಲದ ಮೇಲೆ ಕುಳಿತಿದ್ದ. ಜೈನಾಬಿ ಎಂಬ ಹೆಸರು ನನ್ನ ಬಾಯಿಂದ ಬಂದಾಗ ತಲೆಯ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ಕೋರ್ಟು ನನ್ನನ್ನು ಸತ್ತವ ಅಂತ ಬರೆದಿದೆಯಾ?"

"ಸತ್ತವ ಅಂತ ಅಲ್ಲ. ಸುದ್ದಿ ಇಲ್ಲದವ ಅಂತ."

"ಎರಡೂ ಒಂದೇ ಅಲ್ವಾ ಪೊರ್ಬುಗಳೇ?"

"ಯಾಕೆ ಬ್ಯಾರಿಗಳೇ, ಒಂದು ಕಾಗದ ಹಾಕಬಾರದಿತ್ತಾ?"

ಮಡಿಲಲ್ಲಿದ್ದ ಟೊಪ್ಪಿಯನ್ನು ಮಡಚಿದ. "ಮೊದಲನೇ ವರ್ಷ ಬರೆಯಲಿಕ್ಕೆ ದಾರಿ ಇರಲಿಲ್ಲ. ಎರಡನೇ ವರ್ಷ ದಾರಿ ಇತ್ತು, ಒಂದು ವರ್ಷ ಯಾಕೆ ಬರೆಯಲಿಲ್ಲ ಅಂತ ಕೇಳಿದ್ರೆ ಎಂತ ಹೇಳುವುದು ಅಂತ ಹೆದರಿಕೆ. ಮೂರನೇ ವರ್ಷ ಎರಡು ವರ್ಷದ್ದು ಹೇಳಬೇಕಾಯ್ತು. ಮತ್ತೆ ಹಾಗೇ ಅಭ್ಯಾಸ ಆಯ್ತು. ಸತ್ತವನ ಹಾಗೆ ಇರುವುದು ಕಷ್ಟ ಇಲ್ಲ. ಯಾರಿಗೂ ಬೇಜಾರು ಮಾಡಲಿಕ್ಕೆ ಇಲ್ಲ." ಮತ್ತೆ ಕೇಳಿದ, "ಅವಳೇ ಹೋದದ್ದಾ ಕೋರ್ಟಿಗೆ? ಅವಳೇ?"

ದರ್ಜಿಯ ವಿಷಯ ನಾನು ಹೇಳಲಿಲ್ಲ. ಇದು ಡೈರಿಯಲ್ಲಿ ಇಲ್ಲ, ಆದರೆ ಖಚಿತವಾಗಿ ನೆನಪಿದೆ. ಹೇಳಿದ್ದರೆ ಅವನು ಹಿಂದೆ ಸರಿಯುತ್ತಿದ್ದನೇನೋ ಎಂಬ ಅನುಮಾನ ಆಗಲೇ ನನಗಿತ್ತು.

ಇನ್ನೂ ಸಮಯವಿದೆ ಎಂದೆ. ಊರಿನಲ್ಲಿರುವ ನಿಮ್ಮ ಅಣ್ಣನ ಹೆಸರಿಗೆ ಅಧಿಕಾರಪತ್ರ ಕಳಿಸಿದರೆ ಅವನು ಕೋರ್ಟಿನಲ್ಲಿ ನಿಮ್ಮ ಪರವಾಗಿ ನಿಲ್ಲಬಹುದು, ಜೊತೆಗೆ ನಿಮ್ಮದೊಂದು ಪತ್ರ ಬೇಕು, ಬರೆಯಲು ನಾನಿದ್ದೇನೆ ಎಂದೆ. ಅವನು ಅಳುತ್ತಿದ್ದ. ಅಳುವವನು ಒಪ್ಪಿಕೊಂಡ ಹಾಗೆ ಎಂದು ನಾನು ತಿಳಿದೆ.

ಇಲ್ಲಿಂದ ಒಂಬತ್ತು ದಿನ ಡೈರಿ ಖಾಲಿ.

ಅವನು ರಜೆ ಹಾಕಿ ದೋಹಾಕ್ಕೆ ಬಂದ. ರಾಯಭಾರ ಕಚೇರಿಯಲ್ಲಿ ಅಧಿಕಾರಪತ್ರಕ್ಕೆ ಮೊಹರು ಹಾಕಿಸಿದೆವು. ಆಮೇಲೆ ಸೂಕ್ ವಾಕಿಫ್ ಪೇಟೆಯ ಒಂದು ಚಹಾದಂಗಡಿಯಲ್ಲಿ, ಮಸಾಲೆ ಮೂಟೆಗಳ ಘಾಟಿನ ನಡುವೆ ಕುಳಿತು ಪತ್ರ ಬರೆದೆ. ಕನ್ನಡದಲ್ಲಿ, ನನ್ನ ಕೈಬರಹದಲ್ಲಿ. ತಾನು ಜೀವಂತ ಇದ್ದೇನೆ ಎಂದು ಒಂದು ವಾಕ್ಯ. ಯುದ್ಧದ ಕಾರಣ ಸಂಪರ್ಕ ತಪ್ಪಿತು ಎಂದು ಒಂದು ವಾಕ್ಯ. ದಾಂಪತ್ಯದ ಸಕಲ ಕರ್ತವ್ಯಗಳನ್ನು ನೆರವೇರಿಸಲು ಸಿದ್ಧನಿದ್ದೇನೆ ಎಂದು ಇನ್ನೊಂದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕೋರ್ಟಿಗೆ ಮನವರಿಕೆ ಆಗಬೇಕು ಎಂದು ಹೆಡ್‌ನೋಟಿನಲ್ಲಿತ್ತಲ್ಲ, ಬರೀ 'ಸಿದ್ಧನಿದ್ದೇನೆ' ಎಂದರೆ ಜೊಳ್ಳು ಕಂಡೀತು ಎನಿಸಿ ನಾಲ್ಕನೆಯ ವಾಕ್ಯ ಸೇರಿಸಿದೆ: ಬರುವ ರಂಜಾನ್ ಹಬ್ಬಕ್ಕೆ ಮನೆಗೆ ಬರುತ್ತೇನೆ, ನನಗೂ ಒಂದು ತಟ್ಟೆ ಇಡಲು ಹೇಳಿ.

ಅವನಿಗೆ ಓದಿ ಹೇಳಿದೆ. ಕೊನೆಯ ವಾಕ್ಯ ಕೇಳಿ ಅವನು ನನ್ನ ಮುಖ ನೋಡಿದ. ಹೂಂ ಎಂದನೋ, ತಲೆಯಾಡಿಸಿದನೋ, ಸುಮ್ಮನೆ ಪೆನ್ನಿಗೆ ಕೈ ಚಾಚಿದನೋ? ಎಷ್ಟೋ ವರ್ಷ ನಾನು ಇದನ್ನು ಒಂದೇ ಬಗೆಯಲ್ಲಿ ನೆನಪಿಸಿಕೊಂಡೆ: ಅವನೇ ಹಬ್ಬದ ಮಾತೆತ್ತಿದ, ನಾನು ಬರೆದೆ. ಅದೇ ಪದ, ಅದೇ ಕ್ರಮ, ಅದೇ ಚಹಾದ ಲೋಟ. ಸಾಹೇಬರ ಸಂಪುಟಗಳಲ್ಲಿ ಪಟ್ನಾದ ಒಬ್ಬ ನ್ಯಾಯಾಧೀಶರು ಪ್ರತಿ ಸಲವೂ ಅಕ್ಷರ ತಪ್ಪದೆ ಒಂದೇ ಮಾತು ಹೇಳುವ ಸಾಕ್ಷಿಯನ್ನು ಪಾಠ ಹೇಳಿಸಿಕೊಂಡು ಬಂದವನೆಂದು ತಳ್ಳಿಹಾಕಿದ್ದರು. ಹಳದಿ ಕಾರ್ಡಿನಲ್ಲಿ ಅದನ್ನು ನಾನೇ ನಕಲು ಮಾಡಿದ್ದೆ. ನನ್ನ ಸಾಕ್ಷ್ಯವನ್ನೂ ತಳ್ಳಿಹಾಕಬೇಕು. ತಟ್ಟೆಯ ಮಾತು ನನ್ನದೇ. ನಮ್ಮ ಮನೆಯಲ್ಲಿ ಕ್ರಿಸ್ಮಸ್ಸಿಗೆ ಬೊಂಬಾಯಿಯಿಂದ ಬರಬೇಕಿದ್ದ ಚಿಕ್ಕಪ್ಪ ಹಾಗೆ ಬರೆಯುತ್ತಿದ್ದ.

ಡಿಸೆಂಬರಿನಲ್ಲಿ, ಆರು ತಿಂಗಳು ತುಂಬಲು ಕೆಲವೇ ದಿನಗಳಿದ್ದಾಗ, ಬಂಟ್ವಾಳದ ಕೋರ್ಟು ಡಿಕ್ರಿಯನ್ನು ರದ್ದು ಮಾಡಿತು. ಜನವರಿಯಲ್ಲಿ ಸದಾನಂದನ ಪತ್ರ ಬಂತು. ಸಂಬೋಧನೆ ಇರಲಿಲ್ಲ. "ಸಹಿ ಮಾತ್ರ ಬ್ಯಾರಿಯದು, ಉಳಿದದ್ದೆಲ್ಲ ನಿನ್ನದು. ಮೂರು ವರ್ಷ ನಿನ್ನ ನೋಟ್ಸ್ ನೋಡಿ ಪಾಸಾದವನಿಗೆ ನಿನ್ನ ಅಕ್ಷರ ಗೊತ್ತಾಗುವುದಿಲ್ಲವಾ? ದರ್ಜಿಯ ಮನೆಯವರು ಕಾಯುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಈಗ ನಿನ್ನ ಅಬ್ದುಲ್ ರಹಿಮಾನ್ ಬರುತ್ತಾನಾ? ಬರದಿದ್ದರೆ ಗೊತ್ತುಂಟಲ್ಲ, ಸುದ್ದಿ ಇಲ್ಲದ ನಾಲ್ಕು ವರ್ಷವನ್ನು ಈ ಪತ್ರದ ದಿನದಿಂದ ಹೊಸದಾಗಿ ಎಣಿಸಬೇಕು."

ಅದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದು ಸುಳ್ಳು, ಯೋಚಿಸಿರಲಿಲ್ಲ. ಆ ಪತ್ರ ಆಕೆಯ ಕಳೆದ ಐದು ವರ್ಷವನ್ನು ಅಳಿಸಿ, ಪಗಡೆಯ ಕಾಯಿಯಂತೆ ಮೊದಲ ಮನೆಯಲ್ಲಿ ತಂದು ನಿಲ್ಲಿಸಿತ್ತು.

ಆ ಶುಕ್ರವಾರ ಸಾಹೇಬರ ಕೋಣೆಯಲ್ಲಿ ಕಾನಪುರದ ತೀರ್ಪಿನ ಹದಿನಾಲ್ಕೂ ಪುಟ ಓದಿದೆ. ಗಂಡ ರಂಗೂನಿನಿಂದ ಚಿಕ್ಕಪ್ಪನ ಮೂಲಕ ಒಂದು ಕಾಗದ ಕಳಿಸಿದ್ದ. ಕೆಳಗಿನ ಕೋರ್ಟು ಡಿಕ್ರಿ ರದ್ದು ಮಾಡಿತ್ತು. ಹೆಂಡತಿ ಬಿಡದೆ ಮೇಲಕ್ಕೆ ಹೋಗಿದ್ದಳು. ಹೈಕೋರ್ಟು ಅವಳ ಮಾತನ್ನೇ ಎತ್ತಿಹಿಡಿದಿತ್ತು. ಬರಲು ಸಿದ್ಧ ಎಂದು ಬರೆಯುವವನಿಗೂ ಬರಲು ಹೊರಟವನಿಗೂ ವ್ಯತ್ಯಾಸವಿದೆ, ಆ ವ್ಯತ್ಯಾಸವನ್ನು ಕೋರ್ಟು ನೋಡಬೇಕು ಎಂಬುದು ಆ ಪುಟಗಳ ತಾತ್ಪರ್ಯ. ಹೆಡ್‌ನೋಟು ಬರೆದವನು ಕಾಯಿದೆಯ ಸಾಲನ್ನು ಎತ್ತಿಕೊಂಡು ತೀರ್ಪನ್ನೇ ಬಿಟ್ಟಿದ್ದ. ಸಾಹೇಬರು ನನ್ನ ಮುಖ ನೋಡಿದರು. ಅಡಿಗೆಮನೆಗೆ ಹೋಗಿ ತಾವೇ ಚಹಾ ಮಾಡಿ ತಂದಿಟ್ಟರು. ಅವರು ಆವರೆಗೆ ಎಂದೂ ಹಾಗೆ ಮಾಡಿರಲಿಲ್ಲ.

ಪ್ರತಿ ತೆಗೆಸಿ ಸದಾನಂದನಿಗೆ ಅಂಚೆಗೆ ಹಾಕಿದೆ, ಇದನ್ನು ಇಟ್ಟುಕೊಂಡು ಅಪೀಲು ಮಾಡು ಎಂದು. ಎರಡು ಸಾಲಿನ ಉತ್ತರ ಬಂತು. "ಅಪೀಲು ಮಾಡಬೇಕಾದವಳು ಅವಳು. ಅವಳಿಗೆ ಬೇಡವಂತೆ. ಯಾಕೆ ಎಂದು ಊರಿಗೆ ಬಂದಾಗ ನೀನೇ ಕೇಳು."

ಉಳಿದದ್ದು ಅದ್ರಾಮ ಹೋಗುವುದು ಮಾತ್ರ. ರಂಜಾನ್ ಹಿಡಿದಿತ್ತು. ಕಂಪೆನಿ ಇಟ್ಟುಕೊಂಡಿದ್ದ ಅವನ ಪಾಸ್‌ಪೋರ್ಟನ್ನು ಬಿಡಿಸಿಕೊಡಲು ಹೇಳಿ ಒಪ್ಪಿಸಿದೆ. ಫೋನು ಮಾಡಿದಾಗಲೆಲ್ಲ "ಇನ್ಶಾ ಅಲ್ಲಾಹ್, ಪೊರ್ಬುಗಳೇ" ಎನ್ನುತ್ತಿದ್ದ. ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ದುಖಾನಿಗೆ ಹೋದೆ. ಇಫ್ತಾರಿಗಾಗಿ ಸಮೋಸ ಕರಿಯುತ್ತಿದ್ದ. ಪಾಸ್‌ಪೋರ್ಟು ತಗಡಿನ ಡಬ್ಬಿಯ ಮೇಲೆ, ನಾನು ಕಳಿಸಿದ ಲಕೋಟೆಯಲ್ಲೇ ಇತ್ತು.

"ಟಿಕೆಟು?"

"ಮಾಫಿ."

"ಮಾಫಿ ಅಂದ್ರೆ ಎಂತ? ಅಲ್ಲಿ ಅವರು ಕಾಯುತ್ತಿರುತ್ತಾರೆ!"

ಜಾಲರಿ ಸೌಟಿನಿಂದ ಎಣ್ಣೆ ಬಸಿದು, ಸಮೋಸಗಳನ್ನು ಒಂದೊಂದಾಗಿ ಕಾಗದದ ಮೇಲೆ ಜೋಡಿಸಿದ. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಪೊರ್ಬುಗಳೇ, ನೀವು ಬರೆದ ಕಾಗದ ಬಾರೀ ಚಂದ ಇತ್ತು. ಕೇಳುವಾಗ ನನಗೇ ಕಣ್ಣಲ್ಲಿ ನೀರು ಬಂತು. ಆದರೆ ಆ ಕಾಗದದಲ್ಲಿ ಇರುವವ ನಾನಲ್ಲ. ಅವ ಧೈರ್ಯದವ. ಅವ ಹೋದ್ರೆ ಅವಳು ಬಾಗಿಲು ತೆಗೀತಾಳೆ. ನಾನು ಹೋಗಿ ನಿಂತ್ರೆ, ಐದು ವರ್ಷ ಅಡಗಿ ಕೂತಿದ್ದವ ಅಂತ ಗೊತ್ತಾಗ್ತದೆ."

"ಮತ್ತೆ ಸಹಿ ಯಾಕೆ ಹಾಕಿದ್ರಿ?"

"ನೀವು ಅಷ್ಟು ಓದಿದವರು, ಅಷ್ಟು ದೂರ ಬಂದು ಹೇಳಿದ್ರಿ. ಬೇಡ ಅಂತ ಹೇಗೆ ಹೇಳುವುದು?"

ಇಷ್ಟೇ ಕಾರಣ. ಉಪಕಾರ ಮಾಡಲು ಬಂದವನ ಮನಸ್ಸು ನೋಯಿಸಬಾರದೆಂಬ ನಮ್ಮೂರಿನ ಮರ್ಯಾದೆ. ಅದನ್ನು ನಾನು ಒಪ್ಪಿಗೆ ಎಂದು ಓದಿಕೊಂಡಿದ್ದೆ. ಹಬ್ಬ ಕಳೆಯಿತು. ಮೇ ತಿಂಗಳಲ್ಲಿ ಮತ್ತೆ ಹೋದಾಗ ಕ್ಯಾಂಟೀನಿನ ಮೇಲ್ವಿಚಾರಕ, ಮಲಯಾಳಿ, ಕೈ ಕೊಡವಿ "ಅದ್ರಾಮ ಖಲಾಸ್" ಎಂದ. ಕರಾರು ಮುಗಿದ ದಿನವೇ ಹೊರಟುಹೋಗಿದ್ದ. ಸೌದಿಯ ಕಡೆ ಎಂದು ಒಬ್ಬ, ಮಸ್ಕತ್ತಿಗೆ ಎಂದು ಇನ್ನೊಬ್ಬ. ಊರಿಗಂತೂ ಅಲ್ಲ.

ಮರುವರ್ಷ ರಜೆಯಲ್ಲಿ ಸದಾನಂದ ನನ್ನನ್ನು ಪಾಣೆಮಂಗಳೂರಿಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದ. ಜೈನಾಬಿ ತವರಿನಲ್ಲಿ, ಅಣ್ಣನ ಮನೆಯ ಹಿಂಬದಿಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಗೆರಸೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು. ನಾನು ಊಹಿಸಿದ್ದಕ್ಕಿಂತ ಚಿಕ್ಕ ವಯಸ್ಸು.

"ನೀವಾ ಆ ಪೊರ್ಬುಗಳು?" ಎಂದರು. "ಕೂತ್ಕೊಳ್ಳಿ. ವಕೀಲರೇ, ನೀವೂ ಕೂತ್ಕೊಳ್ಳಿ, ಯಾಕೆ ಕೋಳಿ ಹಿಡಿಯಲಿಕ್ಕೆ ಬಂದವರ ಹಾಗೆ ನಿಂತಿದ್ದೀರಿ?"

ಅವನು ದುಖಾನ್ ಬಿಟ್ಟುಹೋದದ್ದನ್ನು, ಎಲ್ಲಿದ್ದಾನೆಂದು ನನಗೂ ತಿಳಿಯದೆಂಬುದನ್ನು ಹೇಳಿದೆ. ಕ್ಷಮಿಸಿ ಎಂದೆ. ಕೈ ನಿಲ್ಲಿಸದೆ ಕೇಳಿದರು.

"ವಕೀಲರು ಹೇಳಿದ್ರು, ತಕರಾರು ಹಾಕುವ, ಗೆಲ್ತೇವೆ ಅಂತ. ಎಂತದೋ ಹಳೇ ತೀರ್ಪು ಸಿಕ್ಕಿದೆ ಅಂತ ಮತ್ತೂ ಹೇಳಿದ್ರು. ನಾನೇ ಬೇಡ ಅಂದೆ. ಜಡ್ಜರ ಎದುರು ನಿಂತು ನಾನೇ ಹೇಳಿದೆ, ನನ್ನದು ಒಪ್ಪಿಗೆ ಉಂಟು, ರದ್ದು ಮಾಡಿ ಅಂತ."

"ಯಾಕೆ?"

"ಹಬ್ಬಕ್ಕೆ ಬರ್ತೇನೆ, ಒಂದು ತಟ್ಟೆ ಇಡಿ ಅಂತ ಇತ್ತಲ್ಲ. ಬಾಕಿದ್ದೆಲ್ಲ ಕೋರ್ಟಿನ ಮಾತು, ನನಗೆ ಅರ್ಥ ಆಗ್ಲಿಲ್ಲ. ಅದೊಂದು ಮನುಷ್ಯರ ಮಾತು." ಬೀಡಿಯ ತುದಿ ಮಡಚಿ ಉಗುರಿನಿಂದ ಒತ್ತಿದರು. "ಅದು ಅವ್ರೇ ಹೇಳಿದ್ದಾ?"

ಸದಾನಂದ ನನ್ನ ಕಡೆ ತಿರುಗಿದ. ಅಂಗಳದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಆ ದಿನದ ಡೈರಿಯಲ್ಲಿ ಒಂದೇ ಸಾಲಿದೆ: ಹೌದು ಎಂದೆ.

ಅಷ್ಟಕ್ಕೆ ಅವರು ಬಿಡಲಿಲ್ಲ. "ಹೇಳುವಾಗ ಮುಖ ಹೇಗಿತ್ತು?"

"ನಗುತ್ತಿದ್ದರು" ಎಂದೆ.

ಹಿಂದಿರುಗುವ ಬಸ್ಸಿಗೆ ಕಾಯುವಾಗ ಸದಾನಂದ, "ಇಷ್ಟು ಬರೆದದ್ದು ಸಾಲದು ಅಂತ ಕಂಡಿತಾ ನಿನಗೆ?" ಎಂದು ಕೇಳಿದ. ನಿಜ ಹೇಳಿದ್ದರೆ ಆಕೆಗೆ ಬಿಡುಗಡೆಯಾಗುತ್ತಿತ್ತೋ, ಇದ್ದೊಂದು ಮಾತೂ ಹೋಗುತ್ತಿತ್ತೋ, ಈಗಲೂ ತೂಗಿ ನೋಡುತ್ತೇನೆ.

ಪತ್ರದ ದಿನದಿಂದ ನಾಲ್ಕು ವರ್ಷ ತುಂಬಿದಾಗ ಸದಾನಂದ ತಾನಾಗಿಯೇ ಜೈನಾಬಿಗೆ ಹೇಳಿ ಕಳಿಸಿದ. ಮತ್ತೆ ದಾವೆ ಹೂಡಬಹುದು, ಅರ್ಜಿ ಬರೆದಿಟ್ಟಿದ್ದೇನೆ, ಬಂದು ಒಂದು ಸಹಿ ಹಾಕಿದರೆ ಸಾಕು ಎಂದು. ಹೇಳಲು ಹೋದ ಆಳಿನ ಹತ್ತಿರ ಆಕೆ ಉತ್ತರ ಕಳಿಸಿದರು: "ಈ ಹಬ್ಬವೊಂದು ಕಳೆಯಲಿ."